ಕೌದಿಗೊಂದು ಕಿವಿ

ಸೈಕಲ್ ಅಂಗಡಿಯ ಹಿಂದಿನ ಕೋಣೆಯಿಂದ,
ಡಿಸೆಂಬರ್ ಏಳು, ಭಾನುವಾರ ಮಧ್ಯಾಹ್ನ.

ಪ್ರೀತಿಯ ಬೀಗಿತ್ತಿಯವರಿಗೆ,

ಮೊದಲ ನಮಸ್ಕಾರ ನಿಮ್ಮ ಕಾಲಿಗೆ, ಎರಡನೆಯದು ನಿಮಗೆ. ಹೇಗಿದೆ ಕಾಲು? ಪ್ಲಾಸ್ಟರಿನ ಒಳಗೆ ತುರಿಕೆ ಹತ್ತಿ ಒದ್ದಾಡುತ್ತಿದ್ದೀರಂತೆ, ನಿಮ್ಮ ಪಕ್ಕದ ಮನೆಯ ನರ್ಸಮ್ಮ ಹೇಳಿದರು. ನೀವು ಹೇಳುವವರಲ್ಲ ಬಿಡಿ. ಫೋನು ಮಾಡಿದರೆ ‘ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ’ ಎನ್ನುತ್ತೀರಿ. ಗುಂಡುಕಲ್ಲು ಸ್ಟೂಲಿನ ಮೇಲಿಂದ ಬಿದ್ದಿದ್ದರೆ ನೆಲ ಒಡೆಯಬೇಕಿತ್ತು, ಕಾಲು ಮುರಿಯಬಾರದಿತ್ತು. ಇರಲಿ. ನಿಮ್ಮ ಬೀಗರು ಒಂದು ಸ್ಪೋಕಿನ ತುದಿಯನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿ, ಅದಕ್ಕೆ ಹಳೇ ಟ್ಯೂಬಿನ ಚೂರು ಸುತ್ತಿ ಕೊಟ್ಟಿದ್ದಾರೆ. ಪ್ಲಾಸ್ಟರಿನ ಸಂದಿಯಲ್ಲಿ ಇಳಿಸಿ ಮೆಲ್ಲಗೆ ಆಡಿಸಿದರೆ ಸ್ವರ್ಗ ಮೂರೇ ಗೇಣಂತೆ. ಡಾಕ್ಟರು ಬಂದಾಗ ದಿಂಬಿನ ಕೆಳಗೆ ಸೇರಿಸಿಬಿಡಿ, ನಮ್ಮ ಹೆಸರು ಮಾತ್ರ ಹೇಳಬೇಡಿ.

ಫೋನು ಇರುವಾಗ ಕಾಗದವೇಕೆ ಎಂದು ನಿಮ್ಮ ಹುಬ್ಬು ಮೇಲೇರಿರಬೇಕು. ಫೋನಿನಲ್ಲಿ ನಿಮ್ಮೆದುರು ನಾನು ಒಂದು ಮಾತನ್ನೂ ಪೂರ್ತಿ ಆಡಿದವಳಲ್ಲ. ನಾನು ‘ಅಲ್ಲ ಬೀಗಿತ್ತಿ’ ಎನ್ನುವಷ್ಟರಲ್ಲಿ ನೀವು ‘ಸರಿ ಬೀಗಿತ್ತಿ, ಇಡ್ತೀನಿ’ ಎಂದಿರುತ್ತೀರಿ. ಕಾಗದವಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ನಿಮ್ಮ ಅಳಿಯ ನಾಳೆ ಟೈರು ತರಲು ನಿಮ್ಮ ಊರಿನ ಕಡೆಗೇ ಹೋಗುವವನಿದ್ದಾನೆ, ಅವನ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ. ಮುಚ್ಚುವ ಮೊದಲು ನಿಮ್ಮ ಮಗಳು ಒಮ್ಮೆ ಓದಿ ನೋಡುತ್ತಾಳಂತೆ, ಅತ್ತೆ ಏನೇನು ಹಚ್ಚಿಕೊಟ್ಟಿದ್ದಾರೋ ಎಂದು. ಧಾರಾಳವಾಗಿ ನೋಡಲಿ. ಬರೆಯುವವಳು ನಾನು, ಹೆದರುವವಳೂ ನಾನೇ ಆದರೆ ಹೇಗೆ?

ಕೂಸು ಚೆನ್ನಾಗಿದೆ. ತಿಂಗಳು ತುಂಬಿತು, ಕೆನ್ನೆ ತುಂಬಿದೆ, ಮೊಣಕೈ ಹತ್ತಿರ ಒಂದು ಮಡಿಕೆ ಬಂದಿದೆ. ಮೂಗು ನಮ್ಮ ಮನೆಯದೇ, ಆ ಬಗ್ಗೆ ಇನ್ನು ವಾದ ಬೇಡ. ಆಸ್ಪತ್ರೆಯ ಆಯಾ ನಿಮ್ಮ ಬೀಗರ ಮುಖವನ್ನೂ ಕೂಸಿನ ಮುಖವನ್ನೂ ಒಂದೇ ಸಲ ನೋಡಿ ನಗು ತಡೆಯಲಾಗದೆ ಹೊರಗೆ ಹೋದಳು. ಆದರೆ ಬೆರಳುಗಳು ನಿಮ್ಮವು, ಅದನ್ನು ನಾನು ಒಪ್ಪಿಕೊಳ್ಳುತ್ತೇನೆ. ಉದ್ದುದ್ದ, ತೆಳ್ಳಗೆ. ಯಾವುದಾದರೂ ಬಟ್ಟೆಯ ಅಂಚು ಸಿಕ್ಕಿದರೆ ಮುಷ್ಟಿಯಲ್ಲಿ ಹಿಡಿದು ಬಿಡುವುದೇ ಇಲ್ಲ, ನೀವು ಬಟ್ಟೆ ಅಂಗಡಿಯಲ್ಲಿ ಥಾನು ಹಿಡಿದುಕೊಂಡು ನಿಂತ ಹಾಗೆ. ಅಳಲು ಶುರುಮಾಡಿದರೆ ಹೊಸ ಸೈಕಲ್ಲಿನ ಬೆಲ್ಲು ಒತ್ತಿದ ಹಾಗೆ ಬೀದಿಯ ತುದಿಯವರೆಗೂ ಕೇಳುತ್ತದೆ. ಅದಕ್ಕೇ ನಿಮ್ಮ ಬೀಗರು ‘ಬೆಲ್ಲಮ್ಮ’ ಎಂದು ಕರೆಯುತ್ತಾರೆ, ಈಗ ಗಿರಾಕಿಗಳೂ ಅದನ್ನೇ ಹಿಡಿದುಕೊಂಡಿದ್ದಾರೆ. ಇನ್ನೊಂದು ವಿಚಿತ್ರವೆಂದರೆ, ಮನೆ ನಿಶ್ಶಬ್ದವಾದರೆ ಎಚ್ಚರಾಗುತ್ತಾಳೆ, ಅಂಗಡಿಯಲ್ಲಿ ಮಡ್‌ಗಾರ್ಡಿಗೆ ಸುತ್ತಿಗೆ ಬಿದ್ದರೆ ನಿದ್ದೆ ಹೋಗುತ್ತಾಳೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನನ್ನಂಥ ಅಜ್ಜಿಯ ಕಥೆ ಕೇಳಲೇಬೇಡಿ.

ನಿಮ್ಮ ಮಗಳೂ ಚೆನ್ನಾಗಿದ್ದಾಳೆ. ಹೊತ್ತುಹೊತ್ತಿಗೆ ಉಣ್ಣುತ್ತಾಳೆ, ಕೂಸು ಮಲಗಿದಾಗ ತಾನೂ ಮಲಗುತ್ತಾಳೆ. ಸಂಜೆ ಮಾತ್ರ ಕೂಸನ್ನು ಹೆಗಲಿಗೆ ಹಾಕಿಕೊಂಡು ಮುಂದಿನ ಕಿಟಕಿಯಲ್ಲಿ ನಿಲ್ಲುತ್ತಾಳೆ. ಆ ಕಿಟಕಿಯಿಂದ ಬಸ್ಸು ನಿಲ್ಲುವ ಜಾಗ ಕಾಣುತ್ತದೆ. ಏನಮ್ಮಾ ನೋಡ್ತಿದ್ದೀ ಎಂದರೆ ಏನಿಲ್ಲ ಅತ್ತೆ, ಕೂಸಿಗೆ ಗಾಳಿ ಬೇಕಿತ್ತು ಎನ್ನುತ್ತಾಳೆ. ಗಾಳಿ ಹಿಂದಿನ ಕಿಟಕಿಯಿಂದ ಬರುತ್ತದೆ, ಅದು ಅವಳಿಗೂ ಗೊತ್ತು.

ಹೆರಿಗೆಗೆ ನಿಮ್ಮಲ್ಲಿಗೇ ಬರುವುದು ಎಂದಿತ್ತು. ನಿಮ್ಮ ಕಾಲು ಮುರಿಯಿತು, ಕೂಸು ಎರಡು ವಾರ ಅವಸರ ಮಾಡಿತು, ಎಲ್ಲಾ ಅಡಿಮೇಲಾಯಿತು. ಆಮೇಲೆ ನೀವೇ ಇಲ್ಲಿಗೆ ಬನ್ನಿ ಎಂದು ನಾವು ಎಷ್ಟು ಹೇಳಿದರೂ ನಿಮ್ಮದು ಒಂದೇ ಪಲ್ಲವಿ: ‘ನನ್ನ ಕಾಲ ಮೇಲೆ ನಾನು ನಿಂತ ದಿನ ಬರ್ತೀನಿ. ಬೀಗರ ಮನೇಲಿ ಇನ್ನೊಬ್ಬರ ಕೈಲಿ ನೀರು ತರಿಸ್ಕೊಂಡು ಕೂರೋಳು ನಾನಲ್ಲ.’ ಆಗಲಿ. ಆ ಮಾತನ್ನು ಈ ಕಾಗದದಲ್ಲಿ ಎತ್ತುವುದಿಲ್ಲ ಎಂದು ನಿಮ್ಮ ಮಗಳಿಗೆ ಮಾತು ಕೊಟ್ಟಿದ್ದೇನೆ, ಎತ್ತುವುದಿಲ್ಲ. ನಾನು ಬರೆಯಲು ಕುಳಿತದ್ದು ಕೌದಿಯ ವಿಷಯ.

ನೀವು ಕೌದಿಗೆಂದು ಅಟ್ಟದಿಂದ ಹಳೇ ಬಟ್ಟೆಯ ಗಂಟು ಇಳಿಸಲು ಹೋಗಿಯೇ ಬಿದ್ದದ್ದು ಎಂದು ನಮಗೆ ಗೊತ್ತಿದೆ. ಬಿದ್ದವರು ಸುಮ್ಮನಿರಬೇಕೋ ಬೇಡವೋ? ದರ್ಜಿಯ ಕೈ ನಿಮ್ಮದು, ಮಂಚದ ಮೇಲೆ ಕೂತುಕೊಂಡೇ ಅಷ್ಟನ್ನೂ ಚೌಕಚೌಕವಾಗಿ ಕತ್ತರಿಸಿ, ಒಂದೊಂದರ ಹಿಂದೆಯೂ ಸೀಮೆಸುಣ್ಣದಲ್ಲಿ ಅಂಕಿ ಹಾಕಿ, ಯಾವುದರ ಪಕ್ಕ ಯಾವುದು ಎಂದು ಕ್ರಮ ಮಾಡಿ ಕಳಿಸಿದಿರಿ. ಜೊತೆಗೆ ಒಂದು ಚೀಟಿ: ‘ದರ್ಜಿಗೆ ಕೊಡಬೇಡಿ. ಮನೆಯವರ ಕೈಯಲ್ಲೇ ಆಗಲಿ.’ ನಿಮ್ಮ ಮಗಳೇ ಹೊಲಿಯುತ್ತಾಳೆ ಎಂದುಕೊಂಡು ಬರೆದಿದ್ದೀರಿ. ಪಾರ್ಸೆಲ್ಲು ಬಂದು ಮುಟ್ಟಿದ ಹೊತ್ತಿಗೆ ಅವಳು ಆಸ್ಪತ್ರೆಯಲ್ಲಿದ್ದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಜನ ನಗುತ್ತಾರೆ. ನಮ್ಮ ಮನೆಯಲ್ಲಿ ಕೂಸು ಹುಟ್ಟಿ, ಕಣ್ಣು ಬಿಟ್ಟು, ನಮ್ಮನ್ನೆಲ್ಲ ಒಂದು ಸುತ್ತು ನೋಡಿದ್ದರೂ ಹೊದೆಯಲು ಒಂದು ಕೌದಿ ಇರಲಿಲ್ಲ. ಆ ಮನೆಯವರ ಕೈ ನನ್ನದೇ ಯಾಕಾಗಬಾರದು ಎಂದು ನನಗೆ ಹುಮ್ಮಸ್ಸು ಬಂತು. ಮೂವತ್ತು ವರ್ಷದಿಂದ ಪಂಕ್ಚರು ಹಾಕುತ್ತಿದ್ದೇನೆ. ತೂತಿಗೆ ತೇಪೆ ಹಚ್ಚುವುದರಲ್ಲಿ ಈ ಬೀದಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಕೌದಿ ಎಂದರೇನು, ತೂತಿಲ್ಲದ ತೇಪೆ ತಾನೆ?

ಬಟ್ಟೆಗೆ ಅಟ್ಟದ ವಾಸನೆ ಇತ್ತು. ಕೂಸಿಗೆ ಹೊದಿಸುವುದಲ್ಲವೇ ಎಂದು ಎಲ್ಲವನ್ನೂ ಬಕೆಟ್ಟಿನಲ್ಲಿ ನೆನೆಸಿ, ಚೆನ್ನಾಗಿ ಕುಕ್ಕಿ ಒಗೆದು ಹಗ್ಗಕ್ಕೆ ಹಾಕಿದೆ. ಒಣಗಿದ ಮೇಲೆ ಹಿಂದೆಮುಂದೆ ತಿರುಗಿಸಿ ನೋಡುತ್ತೇನೆ, ಒಂದು ಅಂಕಿಯೂ ಇಲ್ಲ. ಸೀಮೆಸುಣ್ಣ ನೀರಲ್ಲಿ ಹೋಗುತ್ತದೆ ಎಂದು ಗೊತ್ತಿಲ್ಲದವಳೇನಲ್ಲ ನಾನು. ನಮ್ಮ ಅಂಗಡಿಯಲ್ಲಿ ಟ್ಯೂಬಿನ ತೂತಿನ ಜಾಗಕ್ಕೆ ಗುರುತು ಹಾಕುವುದು ಬಣ್ಣದ ಪೆನ್ಸಿಲ್ಲಿನಲ್ಲಿ; ಅದನ್ನು ನೀರಲ್ಲಿ ಅದ್ದಿದರೂ ಹೋಗುವುದಿಲ್ಲ. ಆ ಅಭ್ಯಾಸ. ಹಾಗಾಗಿ ನೀವು ಇಟ್ಟ ಕ್ರಮ ಬಚ್ಚಲಿನ ಮೋರಿ ಸೇರಿತು. ಹಳದಿಯ ಪಕ್ಕ ನೀಲಿಯೋ, ನೀಲಿಯ ಪಕ್ಕ ಗೆರೆಯೋ ಎಂದು ಅರ್ಧ ದಿನ ನೆಲದ ಮೇಲೆ ಹರಡಿಕೊಂಡು ಕೂತೆ. ನಿಮ್ಮ ಬೀಗರು ನಡುವಿನಿಂದ ಶುರುಮಾಡಿ ಸುತ್ತಲೂ ಸ್ಪೋಕಿನ ಹಾಗೆ ಜೋಡಿಸು ಎಂದು ಸಲಹೆ ಕೊಟ್ಟರು. ಅವರಿಗೆ ಜಗತ್ತಿನಲ್ಲಿ ಇರುವುದು ಒಂದೇ ಆಕಾರ.

ಈಗ ಬರುವ ಭಾಗವನ್ನು ಓದುವ ಮೊದಲು ಒಂದು ಗುಟುಕು ನೀರು ಕುಡಿಯಿರಿ. ಜೋಡಿಸಿದ ಬಟ್ಟೆ ನಿಂತಲ್ಲಿ ನಿಲ್ಲಲಿಲ್ಲ. ಇಲ್ಲಿ ಸೂಜಿ ಹಾಕಿದರೆ ಅಲ್ಲಿ ಜಾರಿತು, ಅಲ್ಲಿ ಹಿಡಿದರೆ ಇಲ್ಲಿ ಮಡಚಿಕೊಂಡಿತು. ನನಗೆ ಸಿಟ್ಟು ಬಂತು. ಜಾರುವುದನ್ನು ನಿಲ್ಲಿಸಲು ನಮ್ಮ ಕಸುಬಿನಲ್ಲಿ ಒಂದು ದಾರಿ ಇದೆಯಲ್ಲ? ಉಪ್ಪುಕಾಗದದಲ್ಲಿ ಉಜ್ಜಿ, ಸಲ್ಯೂಷನ್ ಹಚ್ಚಿ, ಊದಿ ಆರಿಸಿ, ಒತ್ತಿ ಹಿಡಿಯುವುದು. ಆ ಅಂಟು ಹಿಡಿದ ತೇಪೆ ಟ್ಯೂಬು ಹರಿದರೂ ಬಿಡುವುದಿಲ್ಲ. ಹೌದು ಬೀಗಿತ್ತಿ, ಹಾಗೇ ಮಾಡಿದೆ. ಹಳದಿ ಫ್ರಾಕಿನ ಚೂರನ್ನು ಉಪ್ಪುಕಾಗದದಲ್ಲಿ ಉಜ್ಜಿದಾಗ ಅದು ಜರಡಿಯಾಯಿತು. ಆಗಲಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ, ತೂತಾದ ಜಾಗಕ್ಕೆ ಇನ್ನೊಂದು ತೇಪೆ ಹಚ್ಚಿದೆ. ಹಳೇ ಹೊದಿಕೆಯ ಮೇಲೆ ಎಲ್ಲಾ ಚೂರುಗಳನ್ನೂ ಸಾಲಾಗಿ ಅಂಟಿಸಿ, ಒಂದೊಂದನ್ನೂ ಅಂಗೈಯಿಂದ ಒತ್ತಿ, ಮೇಲೆ ಎರಡು ಟೈರಿನ ಭಾರ ಹೇರಿ, ಕೈ ತೊಳೆದುಕೊಂಡು ಬಂದೆ. ಅವತ್ತು ನನಗೆ ಎಷ್ಟು ಹೆಮ್ಮೆಯಾಗಿತ್ತು ಎಂದರೆ, ನಿಮಗೆ ಫೋನು ಮಾಡಿ ಕೌದಿ ಮುಗಿಯಿತು ಎಂದು ಹೇಳಿದ್ದೂ ಅವತ್ತೇ. ಇಷ್ಟು ಬೇಗನಾ ಎಂದು ನೀವು ಫೋನು ಇಟ್ಟುಬಿಟ್ಟಿರಿ. ನಿಮಗೆ ಹೊಟ್ಟೆಕಿಚ್ಚು ಎಂದುಕೊಂಡೆ.

ಮರುದಿನ ಟೈರು ತೆಗೆದು ಎತ್ತಿದರೆ ಕೌದಿ ತನ್ನ ಕಾಲ ಮೇಲೆ ತಾನು ನಿಂತಿತು. ಈ ಮಾತಿಗೆ ಕೋಪ ಮಾಡಿಕೊಳ್ಳಬೇಡಿ, ನಿಜವಾಗಿಯೂ ನಿಂತಿತು. ಗೋಡೆಗೆ ಒರಗಿಸಿದರೆ ಹಲಗೆಯ ಹಾಗೆ ಒರಗಿಕೊಂಡಿತು. ನಾನು ಅದನ್ನೇ ನೋಡುತ್ತಾ ಯೋಚನೆ ಮಾಡುತ್ತಿದ್ದಾಗ ಯಾರೋ ಗಿರಾಕಿ ಬಂದರು, ಹೊರಗೆ ಹೋದೆ. ತಿರುಗಿ ಬರುವಷ್ಟರಲ್ಲಿ ನಿಮ್ಮ ಬೀಗರು ಅದನ್ನು ರಟ್ಟು ಎಂದುಕೊಂಡು ನೆಲಕ್ಕೆ ಹಾಸಿ, ಅದರ ಮೇಲೆ ಮೊಣಕಾಲೂರಿ ಯಾರದೋ ಚೈನು ಬಿಗಿಯುತ್ತಿದ್ದರು. ಎಬ್ಬಿಸಿ ನೋಡಿದರೆ ಗ್ರೀಸಿನ ಮೊಣಕಾಲು ಅಚ್ಚೊತ್ತಿದ ಹಾಗಿತ್ತು. ಆ ಗುರುತು ಈಗಲೂ ಇದೆ, ಮೂರು ಸಲ ಕುದಿಸಿದ ಮೇಲೂ. ಕೂಸು ದೊಡ್ಡವಳಾದ ಮೇಲೆ ಇದು ನಿನ್ನ ತಾತನ ಮೊಣಕಾಲು ಎಂದು ತೋರಿಸಬಹುದು.

ವಾಸನೆ ನಮ್ಮಿಬ್ಬರ ಮೂಗಿಗೆ ತಿಳಿಯಲೇ ಇಲ್ಲ. ಈ ಮನೆಯ ಗೋಡೆ, ಗಡಿಯಾರ, ನಮ್ಮ ತಲೆಕೂದಲು ಎಲ್ಲಕ್ಕೂ ಸಲ್ಯೂಷನ್ ವಾಸನೆಯೇ. ಕೌದಿಯನ್ನು ಎರಡು ಕೈಯಲ್ಲಿ ತಟ್ಟೆಯ ಹಾಗೆ ಹಿಡಿದುಕೊಂಡು ಒಳಗೆ ಹೋದೆ. ನಿಮ್ಮ ಮಗಳು ಬಾಗಿಲಲ್ಲೇ ತಡೆದಳು. ‘ಅತ್ತೆ, ಇದನ್ನ ಕೂಸಿನ ಹತ್ತಿರ ತರಬೇಡಿ’ ಎಂದಳು. ದನಿ ಏರಿಸಲಿಲ್ಲ, ಆದರೆ ನಗಲೂ ಇಲ್ಲ. ನನಗೆ ಚುರ್ ಎಂದಿತು. ದಿನವಿಡೀ ಬಗ್ಗಿ ಮಾಡಿದ್ದನ್ನು ಒಂದೇ ಮಾತಿನಲ್ಲಿ ಬೇಡ ಎಂದಳಲ್ಲ ಎಂದು ಮುಖ ಊದಿಸಿಕೊಂಡು ಅಂಗಡಿಯಲ್ಲಿ ಹೋಗಿ ಕೂತೆ. ಬಂದ ಟ್ಯೂಬಿಗೆಲ್ಲ ಬೇಕಾದ್ದಕ್ಕಿಂತ ದೊಡ್ಡ ತೇಪೆ ಹಚ್ಚಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಸೊಸೆಯ ಮೂಗು ಡೊಂಕು ಎಂದುಕೊಂಡೆ.

ಸಂಜೆ ಟೀ ಕೇಳಲು ಒಳಗೆ ಹೋದರೆ ಅವಳು ಹಿಂದಿನ ಮೆಟ್ಟಿಲ ಮೇಲೆ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕಂದು ಚೌಕಳಿಯ ಒಂದು ಚೂರನ್ನು ಉಗುರಿನಿಂದ ಎಬ್ಬಿಸುತ್ತಿದ್ದಳು. ಆ ಚೂರಿಗೆ ಜೇಬು ಇತ್ತು. ನಾನು ಅದನ್ನು ಗಮನಿಸಿದ್ದೆ, ಜೇಬಿರುವ ಅಂಗಿಯನ್ನು ಯಾಕೆ ಕತ್ತರಿಸಿದರೋ ಎಂದುಕೊಂಡು ಅದಕ್ಕೆ ಸ್ವಲ್ಪ ಹೆಚ್ಚೇ ಸಲ್ಯೂಷನ್ ಬಳಿದಿದ್ದೆ. ಅದು ಬಟ್ಟೆಯೊಳಗೆ ಇಳಿದು ಜೇಬಿನ ಬಾಯಿಯನ್ನೇ ಮುಚ್ಚಿಬಿಟ್ಟಿತ್ತು. ಅವಳ ಕಣ್ಣಲ್ಲಿ ನೀರು. ನಾನು ಪಕ್ಕದಲ್ಲಿ ಕೂತು ನೋಡಿದೆ. ಜೇಬಿನ ಮೂಲೆಯಲ್ಲಿ ಒಂದು ಹಳೇ ಕಲೆ ಕಂಡಿತು, ಬೆಂಡೆಕಾಯಿ ಬೀಜದಷ್ಟು. ಆಗ ನನಗೆ ಗೊತ್ತಾಯಿತು.

ನಿಮ್ಮ ಯಜಮಾನರು ಮದುವೆಯ ಮಾತಿಗೆ ಮೊದಲ ಸಲ ಇಲ್ಲಿಗೆ ಬಂದದ್ದು ನೆನಪಿದೆಯಲ್ಲ? ನೀವು ನಾವೆಲ್ಲ ಒಳಗೆ ಬಿಗಿಯಾಗಿ ಕೂತು ಏನು ಮಾತಾಡುವುದು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಅವರು ಸುಮ್ಮನೆ ಎದ್ದು ಅಂಗಡಿಗೆ ಹೋಗಿ, ರಿಪೇರಿಯಾಗಿ ನಿಂತಿದ್ದ ಒಂದು ಸೈಕಲ್ಲು ಹತ್ತಿ, ಬೀದಿಯ ತುದಿಗೆ ಹೋಗಿ, ವಾಪಸು ಬರುವಾಗ ಎರಡೂ ಕೈ ಬಿಟ್ಟು ಬಂದರು. ನೇರವಾಗಿ ತರಕಾರಿಯ ಗಾಡಿಗೆ. ಎದ್ದು ಬಂದವರ ಕಂದು ಚೌಕಳಿ ಅಂಗಿಯ ಜೇಬಿನಲ್ಲಿ ಒಂದು ಟೊಮೇಟೊ ಒಡೆದಿತ್ತು. ‘ಸೈಕಲ್ ಗಟ್ಟಿಯಾಗಿದೆ. ಮನೆಯವರೂ ಗಟ್ಟಿಯಾಗೇ ಇರಬೇಕು’ ಎಂದರು. ಸಂಬಂಧ ಕುದುರಿದ್ದು ಆ ಮಾತಿಗೇ. ಮದುವೆಯಾದ ವರ್ಷದೊಳಗೆ ಅವರು ಹೋಗಿಬಿಟ್ಟರು. ಆ ಜೇಬು ಮೊಮ್ಮಗಳ ಮೈಮೇಲೆ ಇರಲಿ ಎಂದು ನೀವು ಕತ್ತರಿಸಿ ಕಳಿಸಿದ್ದಿರಿ, ನಾನು ಅದಕ್ಕೆ ಪಂಕ್ಚರು ಹಾಕಿದ್ದೆ.

ನಾನು ಅತ್ತೆ. ಎರಡು ಮಾತು ದೊಡ್ಡದಾಗಿ ಆಡಿ ಎದ್ದು ಹೋಗಬಹುದಿತ್ತು. ತಪ್ಪಾಯಿತು ಕಣಮ್ಮಾ ಎಂದೆ. ಅವಳು ಮೂಗು ಒರೆಸಿಕೊಂಡು, ಇದು ಬಿಡಿಸಿದರೆ ಬರುತ್ತಾ ಅತ್ತೆ ಎಂದು ಕೇಳಿದಳು. ಅಷ್ಟು ಕೇಳಿದ್ದೇ ಸಾಕು, ನನ್ನ ಕಸುಬು ನೆನಪಾಯಿತು. ಒಣಗಿದ ಸಲ್ಯೂಷನ್ನನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಹೋದರೆ ಮಣಿಮಣಿಯಾಗಿ ಉರುಳಿ ಬರುತ್ತದೆ. ಅಂಗಡಿಯಲ್ಲಿ ಕೈಗೆ ಹತ್ತಿದ್ದನ್ನು ನಾವು ತೆಗೆಯುವುದೇ ಹಾಗೆ. ಅಂಗಡಿ ಮುಚ್ಚಿ ಮನೆಯವರೆಲ್ಲ ಕೂತೆವು. ಒಂದೊಂದು ಮೂಲೆಗೆ ಒಬ್ಬೊಬ್ಬರು, ನಡುವೆ ಕೌದಿ, ಪಕ್ಕದ ಕೋಣೆಯಲ್ಲಿ ಬೆಲ್ಲಮ್ಮ. ಉಜ್ಜಿದ್ದೇ ಉಜ್ಜಿದ್ದು. ನಿಮ್ಮ ಅಳಿಯ ಆ ಮಣಿಗಳನ್ನೆಲ್ಲ ಸೇರಿಸಿ ಚೆಂಡು ಮಾಡಿ ಗೋಡೆಗೆ ಎಸೆದ. ಅದು ಪುಟಿದು ನಿಮ್ಮ ಬೀಗರ ಟೀ ಲೋಟದೊಳಗೆ ಬಿತ್ತು. ನಿಮ್ಮ ಮಗಳು ನಕ್ಕಳು. ಹೆರಿಗೆಯಾದ ಮೇಲೆ ಅವಳು ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ನಗುತ್ತಲೇ ನಿಮ್ಮ ಕಥೆಗಳನ್ನು ಬಿಚ್ಚಿದಳು. ಚಿಕ್ಕವಳಿದ್ದಾಗ ನಿಮ್ಮ ಹೊಲಿಗೆ ಮಿಷನ್ನಿನ ಕೆಳಗೆ ಕೂತು ಬಿದ್ದ ದಾರ ಆರಿಸುತ್ತಿದ್ದಳಂತೆ, ನೀವು ಪೆಡಲು ತುಳಿಯುತ್ತಲೇ ಇನ್ನೊಂದು ಪಾದದಿಂದ ಅವಳ ಬೆನ್ನು ಸವರುತ್ತಿದ್ದಿರಂತೆ. ಊರೆಲ್ಲ ಹೆದರುವ ನಿಮ್ಮಂಥವರ ಪಾದಕ್ಕೆ ಇಂಥ ಕೆಲಸವೂ ಗೊತ್ತಿತ್ತು ಎಂದು ನನಗೆ ಅವತ್ತೇ ತಿಳಿದದ್ದು.

ಜೇಬು ಬಿಟ್ಟುಕೊಂಡಿತು, ಬೀಗಿತ್ತಿ. ಒಂದು ನೂಲೂ ಹರಿಯಲಿಲ್ಲ. ಅದನ್ನು ಬಿಡಿಸಿದ್ದು ನಿಮ್ಮ ಮಗಳೇ. ಆಮೇಲೆ ಎಲ್ಲವನ್ನೂ ಸೋಡಾ ಹಾಕಿ ಕುದಿಸಿ, ಬಿಸಿಲಿಗೆ ಹಾಕಿ, ಮತ್ತೆ ಕುದಿಸಿ, ವಾಸನೆ ನೋಡಲು ಪಕ್ಕದ ಬೇಕರಿಯವನನ್ನು ಕರೆಸಿದೆವು. ನಮ್ಮ ಮೂಗಿನ ಮೇಲೆ ಯಾರಿಗೂ ನಂಬಿಕೆ ಇರಲಿಲ್ಲ ನೋಡಿ. ಮೂರನೆಯ ಸಲ ಅವನು ‘ಸೋಪಿನ ವಾಸನೆ ಬರ್ತಿದೆ, ಇನ್ನೇನಿಲ್ಲ’ ಎಂದ ಮೇಲೆಯೇ ಹೊಲಿಗೆ ಶುರುವಾದದ್ದು.

ಈ ಸಲ ಸೂಜಿಯಿಂದಲೇ. ನಿಮ್ಮ ಸಣ್ಣ ಸೂಜಿ ನನ್ನ ಬೆರಳಿಗೆ ಸಿಕ್ಕುವುದೇ ಇಲ್ಲ. ಸೀಟಿನ ಕವರು ಹೊಲಿಯುವ ದಬ್ಬಣ ತೆಗೆದುಕೊಂಡೆ. ಚುಚ್ಚಬಾರದೆಂದು ಬೆರಳಿಗೆ ಟ್ಯೂಬಿನ ಒಂದು ಉಂಗುರ ಕತ್ತರಿಸಿ ಹಾಕಿಕೊಂಡೆ. ತುಂಬಾ ಚೆನ್ನಾಗಿದೆ, ನಿಮಗೂ ಒಂದು ಮಾಡಿ ಕೊಡುತ್ತೇನೆ. ನನ್ನ ಹೊಲಿಗೆ ಹಲ್ಲುದುರಿದ ಬಾಯಿಯ ಹಾಗಿದೆ, ಒಂದು ಇಲ್ಲಿ, ಇನ್ನೊಂದು ಆ ಮನೆಯಲ್ಲಿ. ನಿಮ್ಮ ಅಳಿಯನ ಸಾಲು ನೆಟ್ಟಗೆ ಹೊರಟು ಕೊನೆಗೆ ಮೆಟ್ಟಿಲು ಹತ್ತ ಹೊರಟ ಹಾಗೆ ಮೇಲಕ್ಕೇರಿದೆ. ನಿಮ್ಮ ಬೀಗರು ಹೊಲಿಗೆಗಿಂತ ಹೆಚ್ಚಾಗಿ ಬೆಂಡು ತೆಗೆದರು. ಚಕ್ರದ ಬೆಂಡು ತೆಗೆಯುವ ಹಾಗೆಯೇ, ಈ ದಾರ ಎಳೆದು, ಆ ದಾರ ಸಡಿಲಿಸಿ, ಕೌದಿಯನ್ನು ನಡುವಿನಲ್ಲಿ ಹಿಡಿದು ಗಿರ್ರನೆ ತಿರುಗಿಸಿ, ಒಂದು ಕಣ್ಣು ಮುಚ್ಚಿ ನೋಡುವುದು. ನಿಮ್ಮ ಮಗಳು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮನ್ನೆಲ್ಲ ಬೈಯುತ್ತಿದ್ದಳು, ಥೇಟು ನಿಮ್ಮ ದನಿಯಲ್ಲಿ. ಒಮ್ಮೆ ನನ್ನ ಮೂಲೆ ನೋಡಿ, ‘ಅಮ್ಮ ಇಲ್ಲಿದ್ದಿದ್ರೆ ಇದನ್ನ ನೋಡಿ ಕತ್ತರಿ ತಗೊಂಡು ಬರ್ತಿದ್ರು’ ಎಂದು ನಕ್ಕು, ಆಮೇಲೆ ಕೂಸನ್ನೆತ್ತಿಕೊಂಡು ಮುಂದಿನ ಕಿಟಕಿಗೆ ಹೋದಳು.

ಅಂಚು ಮಡಿಸಿ ಹೊಲಿಯುವಾಗ ಮತ್ತೊಂದು ಎಡವಟ್ಟಾಯಿತು. ಬೇಗ ಮುಗಿಯಲಿ ಎಂದು ಮೂವರೂ ಮೂರು ಮೂಲೆಯಿಂದ ಶುರುಮಾಡಿದೆವು. ಎಲ್ಲರೂ ನಾಲ್ಕನೆಯ ಮೂಲೆಯಲ್ಲಿ ಸೇರುವುದೆಂದು ಲೆಕ್ಕ. ಒಬ್ಬೊಬ್ಬರೂ ಒಂದಿಷ್ಟು ಬಟ್ಟೆಯನ್ನು ಮುಂದಕ್ಕೆ ತಳ್ಳಿಕೊಂಡೇ ಬಂದಿದ್ದೇವೆ, ಕೊನೆಗೆ ಅಲ್ಲಿ ಬೆರಳುದ್ದ ಬಟ್ಟೆ ಮಿಕ್ಕಿ ಎದ್ದು ನಿಂತಿತು. ಕತ್ತರಿಸಲು ಹೋದರೆ ಹೊಲಿಗೆಯೇ ಬಿಚ್ಚಿಕೊಳ್ಳುತ್ತಿತ್ತು. ಮಡಿಸಿ, ಸುತ್ತಿ, ಬಿಗಿದು ಬಿಟ್ಟೆವು. ಅದು ಹಂದಿಮರಿಯ ಕಿವಿಯ ಹಾಗೆ ನಿಂತಿದೆ. ನಾಚಿಕೆಯಾಗಿ ಆ ಮೂಲೆಯನ್ನು ಕಾಲಿನ ಕಡೆಗೆ ಮಾಡಿ ಕೂಸಿಗೆ ಹೊದಿಸಿದೆ. ಒದ್ದು ಒದ್ದು ಹೇಗೋ ಆ ಮೂಲೆ ಮೇಲಕ್ಕೆ ಬಂತು, ಅವಳ ಕೈಗೆ ಸಿಕ್ಕಿತು. ನಿಮ್ಮ ಆ ಉದ್ದ ಬೆರಳುಗಳಲ್ಲಿ ಕಿವಿಯನ್ನು ಗಟ್ಟಿಯಾಗಿ ಹಿಡಿದು, ಒಂದು ದೊಡ್ಡ ನಿಟ್ಟುಸಿರು ಬಿಟ್ಟು ನಿದ್ದೆ ಹೋದಳು. ಈಗ ಅದಿಲ್ಲದೆ ಮಲಗುವುದೇ ಇಲ್ಲ. ನಿನ್ನೆ ಕೌದಿ ಒಗೆದು ಹಾಕಿದ್ದೆವು. ಅದು ಒಣಗುವವರೆಗೆ ಬೀದಿಗೆಲ್ಲ ಬೆಲ್ಲು ಕೇಳಿಸಿತು.

ಆದ್ದರಿಂದ ನೀವು ಕೇಳುತ್ತಿರುವ ಫೋಟೋ ಕಳಿಸುವುದಿಲ್ಲ. ಚೌಕ ಎಂದು ಹೇಳಲಾಗದು, ಉದ್ದ ಎಂದೂ ಹೇಳಲಾಗದು. ಒಂದು ಕಡೆ ಮೊಣಕಾಲು, ಒಂದು ಕಡೆ ಕಿವಿ. ಆದರೆ ಬೆಚ್ಚಗಿದೆ. ಬೆಳಗಿನ ಹೊತ್ತು ಅದರೊಳಗೆ ಕೈ ಹಾಕಿದರೆ ತೆಗೆಯಲು ಮನಸ್ಸಾಗುವುದಿಲ್ಲ. ಜೇಬಿನ ಚೂರನ್ನು ನಡುವೆಯೇ ಇಟ್ಟಿದ್ದೇವೆ. ಅದೊಂದಕ್ಕೆ ದಬ್ಬಣ ಹಾಕಲು ನನಗೆ ಕೈ ಬರಲಿಲ್ಲ. ನಿಮ್ಮ ಮಗಳು ಉದ್ದುದ್ದ ಹೊಲಿಗೆ ಹಾಕಿ ಸುಮ್ಮನೆ ನಿಲ್ಲಿಸಿದ್ದಾಳೆ. ಹೊಲಿಗೆ ನನಗೆ ನಿಮ್ಮಷ್ಟು ಬರುವುದಿಲ್ಲ ಎಂದು ಬರೆದು ಕೊಡಿ ಎಂದರೆ ಕೊಡುತ್ತೇನೆ, ಆದರೆ ಪಂಕ್ಚರಿನ ವಿಷಯದಲ್ಲಿ ನೀವೂ ಬರೆದು ಕೊಡಬೇಕು.

ಇನ್ನೇನು ಬರೆಯಲಿ. ಅಂಗಡಿಯ ಕಡೆಯಿಂದ ಬಡಿಯುವ ಸದ್ದು ಬರುತ್ತಿದೆ. ಸಾಮಾನು ಸಾಗಿಸುವ ಮೂರು ಗಾಲಿಯ ಗಾಡಿಗೆ ನಿಮ್ಮ ಬೀಗರು ಏನೋ ಹಲಗೆ ಜಡಿಯುತ್ತಿದ್ದಾರೆ, ಭಾನುವಾರವೂ ಬಿಡುವಿಲ್ಲ. ಕೇಳಿದರೆ ಸುಮ್ಮನೆ ಎನ್ನುತ್ತಾರೆ. ಅವರು ನಿಮ್ಮನ್ನು ಕೇಳಿದೆ ಎಂದು ಬರೆ ಎಂದರು, ಬರೆದಿದ್ದೇನೆ. ಬೆಲ್ಲಮ್ಮ ಕೇಳಿದ್ದಾಳೆ, ಅವಳ ಭಾಷೆಯಲ್ಲಿ. ಹಾಲು ಕುಡಿಯಿರಿ, ಸ್ಟೂಲು ಹತ್ತಬೇಡಿ, ನರ್ಸಮ್ಮನ ಮಾತು ಕೇಳಿ. ನಿಮ್ಮ ಮೂಳೆ ಬೇಗ ಕೂಡಲಿ, ನಿಮ್ಮ ಹಟ ನಿಧಾನವಾಗಿ ಕರಗಲಿ ಎಂದು ಹಾರೈಸುವ,

ನಿಮ್ಮ ಬೀಗಿತ್ತಿ,
ಪಂಕ್ಚರಮ್ಮ

ತಾ. ಕ.: ನಿಮ್ಮ ಮಗಳು ಮೇಲಿನದನ್ನೆಲ್ಲ ಓದಿ, ನಕ್ಕು, ಕೂಸಿಗೆ ಸ್ನಾನ ಮಾಡಿಸಲು ಹೋದಳು. ಬಚ್ಚಲಿನಲ್ಲಿ ನೀರಿನ ಸದ್ದು ಕೇಳುತ್ತಿದೆ, ಅದು ನಿಲ್ಲುವಷ್ಟರಲ್ಲಿ ಬರೆದು ಮುಚ್ಚಬೇಕು. ಮಾತು ಎತ್ತುವುದಿಲ್ಲ ಎಂದದ್ದು ಕಾಗದದಲ್ಲಿ. ಕಾಗದ ಸಹಿಯ ಹತ್ತಿರವೇ ಮುಗಿಯಿತು. ಟೈರೂ ಇಲ್ಲ ಗೀರೂ ಇಲ್ಲ. ನಿಮ್ಮೆದುರು ಕೂತಿರುವ ನಿಮ್ಮ ಅಳಿಯನ ಜೇಬಿನಲ್ಲಿ ಮಂಗಳವಾರದ ಬಸ್ಸಿಗೆ ಎರಡು ಟಿಕೇಟಿದೆ, ಬೇಕಾದರೆ ತೆಗೆಸಿ ನೋಡಿ. ಮುಂದಿನ ಸೀಟು, ಕಾಲು ಚಾಚಲು ಜಾಗವಿದೆ, ನರ್ಸಮ್ಮ ಡಾಕ್ಟರನ್ನು ಕೇಳಿ ಒಪ್ಪಿಸಿದ್ದಾರೆ. ಬಸ್ಸು ಇಳಿದಲ್ಲಿಂದ ಮನೆಯವರೆಗೆ ಆ ಮೂರು ಗಾಲಿಯ ಗಾಡಿ. ಜಡಿಯುತ್ತಿರುವ ಹಲಗೆ ನಿಮ್ಮ ಕಾಲಿಡಲು, ಅದಕ್ಕೆ ಮೆತ್ತೆಯೂ ಸಿದ್ಧವಾಗಿದೆ.

ಕಿಟಕಿಯ ಹತ್ತಿರ ಒಂದು ದಿನ ನಾನು ನಿಮ್ಮ ಮಗಳನ್ನು ಕೇಳಿದೆ, ನೀನೇ ಒಂದು ಸಲ ಬಾಯಿಬಿಟ್ಟು ಅಮ್ಮನನ್ನು ಕರೆಯಬಾರದೇ ಎಂದು. ‘ಕರೆದು ಇಲ್ಲ ಅನ್ನಿಸ್ಕೊಳ್ಳೋದಕ್ಕಿಂತ ಕರೀದೇ ಇರೋದೇ ವಾಸಿ ಅತ್ತೆ’ ಎಂದಳು. ಅವಳು ಕರೆಯುವುದಿಲ್ಲ. ನಾನು ಕರೆಯುತ್ತಿದ್ದೇನೆ. ನನಗೆ ಇಲ್ಲ ಎನ್ನಿಸಿಕೊಂಡು ಅಭ್ಯಾಸವಿದೆ, ಆದರೂ ಈ ಸಲ ಅನ್ನಬೇಡಿ. ನೀರು ತಂದುಕೊಡುವುದು ನಮ್ಮ ಕೆಲಸ, ನಿಮಗೆ ಕೂತು ಮಾಡುವ ಕೆಲಸ ಇಲ್ಲಿ ಬೇಕಾದಷ್ಟು ಬಿದ್ದಿದೆ. ನೀವು ಬರದಿದ್ದರೆ ನಾನು ಮಾಡುವುದಿಷ್ಟೇ: ಕೂಸಿಗೆ ಈ ಕೌದಿ ಹೊದಿಸಿ, ಎತ್ತಿಕೊಂಡು ಬೀದಿಬೀದಿ ಸುತ್ತಿ, ಕಂಡವರಿಗೆಲ್ಲ ಇದು ನಮ್ಮ ಬೀಗಿತ್ತಿಯ ಕೈಹೊಲಿಗೆ, ಹೆಸರಾದ ದರ್ಜಿ ಅವರು, ಎಂದು ಹೇಳುತ್ತೇನೆ. ಹೇಳದೆ ಬಿಡುವವಳಲ್ಲ ಎಂದು ನಿಮಗೆ ಗೊತ್ತು.

ನೀರಿನ ಸದ್ದು ನಿಂತಿತು. ಬರುವಾಗ ನಿಮ್ಮ ಕತ್ತರಿ ತನ್ನಿ, ನಮ್ಮಲ್ಲಿರುವುದು ಟ್ಯೂಬಿನ ಕತ್ತರಿ. ಕೌದಿಯನ್ನು ಪೂರ್ತಿ ಬಿಚ್ಚಿ ಹೇಗೆ ಬೇಕೋ ಹಾಗೆ ಹೊಲಿಯಿರಿ, ಜೇಬನ್ನು ನಿಮ್ಮ ಕೈಯಾರೆ ಕೂಡಿಸಿ. ಆ ಕಿವಿಯೊಂದನ್ನು ಮಾತ್ರ ಮುಟ್ಟಬೇಡಿ, ಅದು ಬೆಲ್ಲಮ್ಮನದು.